ಕಣ್ಣೆದುರಿಗೆ ತುಂಬಿಸಿದ ಬಾಟ್ಲಿ

ದಿಲ್ಲಿಯ ಐಎನ್‌ಎ ಮೆಟ್ರೊ ನಿಲ್ದಾಣದಲ್ಲಿ ಕೆಳಗಿಳಿಯಲು ಲಿಫ್ಟಿಗೆ ಕಾಯುತ್ತ ನಿಂತಿದ್ದ ಗಗನಾಳಿಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಇಲ್ಲಿ ಯಾರಿಗೆ ಅರ್ಥವಾದೀತು ಎಂಬ ಧೈರ್ಯದಲ್ಲಿ ಗಂಡ ಹೆಂಡತಿ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಅವಳು ತಿರುಗಲಿಲ್ಲ, ಕಿವಿ ಮಾತ್ರ ಅಲ್ಲೇ ಇತ್ತು.

“ರೀ, ಹೋದ ಸಲ ಆ ಸಮುದ್ರದ ಎಣ್ಣೆಬಾವಿಗೆ ಹೋದಾಗ ಸ್ಯಾಂಪಲ್ ನೀವೇ ಹಿಡಿದ್ರಾ?”

“ಇಲ್ಲ ಕಣೇ. ಆ ಕಂಪನಿಯವರೇ ಬಾಟ್ಲಿ ತುಂಬಿಸಿ ತಂದುಕೊಟ್ರು.”

“ನೀವೇನ್ ಮಾಡ್ತಿದ್ರಿ?”

“ಮೇಲೆ ಟೀ ಕುಡೀತಿದ್ದೆ.”

“ಅಚ್ಛಾ! ಅವರು ಸಮುದ್ರಕ್ಕೆ ಬಿಡೋ ಕೊಳಕು ನೀರಲ್ಲಿ ಎಣ್ಣೆ ಎಷ್ಟಿದೆ ಅಂತ ನೋಡೋಕೆ ನೀವು ದಿಲ್ಲಿಯಿಂದ ಹೋಗೋದು, ಬಾಟ್ಲಿ ಅವರು ತುಂಬಿಸೋದು! ನಾನು ಹಾಗೆ ಹಾಲು ತಗೊಳ್ತೀನಾ?”

“ನೀನಾ? ಡೈರಿಗೇ ಹೋಗಿ, ಎಮ್ಮೆ ಪಕ್ಕ ನಿಂತು ಕರೆಸ್ಕೋತೀಯ.”

“ಮತ್ತೆ ನೀವ್ಯಾಕೆ ನಿಲ್ಲಲಿಲ್ಲ?”

ಗಂಡ ದನಿ ತಗ್ಗಿಸಿದರು.

“ಸ್ಯಾಂಪಲ್ ಹಿಡಿಯೋ ನಲ್ಲಿ ಕೆಳಗಿದೆ, ಪದ್ಮಾ. ಇಳಿಯೋಕೆ ಜಾಲರಿ ಮೆಟ್ಟಿಲು, ಕಾಲಡಿಯಲ್ಲೇ ಸಮುದ್ರ ಕಾಣುತ್ತೆ. ತಲೆ ಸುತ್ತು ಬಂತು. ಆಫೀಸಲ್ಲಿ ಯಾರಿಗೂ ಹೇಳಿಲ್ಲ.”

“ನನಗೂ ಹೇಳಲಿಲ್ಲ.”

“ನಗ್ತೀಯ ಅಂತ.”

ಹೆಂಡತಿ ನಗಲಿಲ್ಲ.

“ನಾಳೆ ಮತ್ತೆ ಅಲ್ಲಿಗೆ ಹೋಗ್ತೀರಲ್ಲ, ಈ ಸಲ ಇಳೀಲೇಬೇಕು ರೀ. ರಿಪೋರ್ಟಿಗೆ ಸಹಿ ನಿಮ್ಮದು.”

“ಹೂಂ.”

“ಚಲೋ, ಲಿಫ್ಟ್ ಬೇಡ. ಎಸ್ಕಲೇಟರಲ್ಲೇ ಹೋಗೋಣ.”

“ಅಯ್ಯೋ, ಇವತ್ತಿಂದಲೇ ಶುರುನಾ?”

“ಕೆಳಗೆ ನೋಡಬೇಡಿ. ಇದನ್ನೇ ನೋಡ್ಕೊಂಡು ಬನ್ನಿ.”

ಲಿಫ್ಟ್ ಬಂತು. ಗಗನಾ ಹತ್ತದೆ ತಿರುಗಿ ನೋಡಿದಳು. ಪದ್ಮಾ ನೀರಿನ ಬಾಟ್ಲಿಯನ್ನು ಎತ್ತಿ ಹಿಡಿದು ಮುಂದೆ ಇಳಿಯುತ್ತಿದ್ದರು. ತಲೆ ನೆರೆತ ಆ ಅಧಿಕಾರಿ ಒಂದು ಕೈಯಿಂದ ಅವರ ಹೆಗಲು ಹಿಡಿದು, ಬಾಟ್ಲಿಯಿಂದ ಕಣ್ಣು ಕೀಳದೆ ಹಿಂದೆಯೇ ಇಳಿದರು.