ಹಗೇವಿನಾಗಿನ ಮಳಿಗಾಲದ ಗಾಲಿ

...ಜಗ್ಗು, ಜಗ್ಗು! ಹಾಂ... ಸಾವಕಾಶ. ಅಡ್ಡ ಮಾಡಬ್ಯಾಡ, ಹಗೇವಿನ ಬಾಯಿಗೆ ಸಿಗಬೀಳ್ತೈತಿ. ಟೈರು ನೆಟ್ಟಗ ನಿಂದರ್ಸಿ ಎಳಿ... ಹಾಂ, ಹೋತು, ಹೋತು! ಶಾಬಾಸ್ ಸಿದ್ದಲಿಂಗವ್ವ! ಎರಡನೇದು ದಾಟಿತು. ಇನ್ನ ಎರಡ ಉಳದಾವ. ಅವಷ್ಟು ಎಳದಿ ಅಂದ್ರ ಮುಗೀತು, ನಾ ಈ ಹಾಳ ಜ್ವಾಳದ ಕುಣಿ ಬಿಟ್ಟು ಮ್ಯಾಲ ಬರ್ತೇನಿ, ನೀ ನಿನ್ನ ಒಲಿ ಮುಂದ ಹೋಗು.

ಹಗ್ಗ ಕೆಳಗ ಬಿಡು... ಬಿಡವ್ವಾ. ಯಾಕ, ದಣದಿಯೇನು? ಹೂಂ ಅನ್ನು, ಇಲ್ಲಾ ಉಹೂಂ ಅನ್ನು... ಹೌದಲ್ಲ, ಮರತಿದ್ದೆ. ಭಾವನ ಮುಂದ ಬಾಯಿ ಬಿಡೂ ಹಂಗಿಲ್ಲ ನೀ. ಸೊಸಿಯಾಗಿ ಬಂದು ಮೂರ ವರ್ಷಾತು, ಒಳಮನ್ಯಾಗ ನಿನ್ನ ದನಿ ಕೇಳೇನಿ ಖರೆ, ನನಗಂತ ಒಂದ ಮಾತ ಆಡಿದಾಕಿ ಅಲ್ಲ. ಇರ್ಲಿ, ಹಿರೇರು ಹಾಕಿದ ಪದ್ಧತಿ. ಆದ್ರ ಎರಡಾಳ ಕೆಳಗ ನಿಂತಾಂವಗ ಮ್ಯಾಲ ಮಂದಿ ಅದಾರೋ ಇಲ್ಲೋ ಹೆಂಗ ತಿಳೀಬೇಕು? ಬಳಿ ಸದ್ದರೆ ಮಾಡು ಅಂದ್ರ... ಅಯ್ಯ! ತಪ್ಪಾತು. ತಪ್ಪಾತು ತಂಗಿ. ನನ್ನ ಬಾಯಾಗ ಮಣ್ಣ ಹಾಕ, ಏನ ಮಾತ ಆಡಿದೆ ನಾ!

ಹಿಂಗ ಮಾಡೂಣು. ಹೂಂ ಅನ್ನೂದಿದ್ರ ಹಗ್ಗ ಒಮ್ಮೆ ಜಗ್ಗು. ಉಹೂಂ ಅನ್ನೂದಿದ್ರ ಎರಡ ಸಲ ಜಗ್ಗು. ತಿಳೀತಿಲ್ಲ? ...ಹಾಂ, ಒಮ್ಮೆ. ಶಾಣ್ಯಾಕಿ ಅದಿ.

ಹಗ್ಗದ ಆ ತುದಿ ಬೇವಿನ ಗಿಡಕ್ಕ ಗಟ್ಟಿ ಬಿಗದೀಯಿಲ್ಲ? ...ಒಮ್ಮೆ. ಚೊಲೋ ಆತು. ಅದ ಹಗ್ಗ ಹಿಡದ ನಾ ಮ್ಯಾಲ ಏರಬೇಕು, ಮತ್ತ ಬ್ಯಾರೆ ದಾರಿಲ್ಲ ಇಲ್ಲಿ. ಹಗ್ಗ ಇನ್ನೊಂದೀಟ ಕೆಳಗ ಬಿಡು. ಗ್ವಾಡಿಗೆ ಸಿಗಿಸಿದ ಕಂದೀಲಿನ ಬೆಳಕು ನನ್ನ ಮೊಣಕಾಲಿಗೂ ಮುಟ್ಟವಲ್ದು. ಮುಂಜಾನಿಂದ ಮುಚ್ಚಳಾ ತಗದ ಇಟ್ಟೇನಿ, ಮೊದಲ ಕಂದೀಲ ಇಳಿಬಿಟ್ಟ ನೋಡೇನಿ, ಆರಲಿಲ್ಲ. ಕಂದೀಲ ಉರದ್ರ ಮನಷ್ಯಾಗೂ ಉಸರು ಸಿಗತೈತಿ ಅಂತ ನಮ್ಮಪ್ಪ ಹೇಳತಿದ್ದ. ಸಿಗಾಕತ್ತೈತಿ. ಅದಕ ಹಳೇ ಜ್ವಾಳದ ನಾತ ಬ್ಯಾರೆ... ಸಿಗಾಕತ್ತೈತಿ, ಸಿಗಾಕತ್ತೈತಿ.

ಕೂಸು ಮಲಗೈತೇನು? ...ಎರಡ ಸಲ. ಎದ್ದೈತಾ? ಅವ್ವ ಮುಂದಿನ ಕಟ್ಟಿ ಮ್ಯಾಲ ಶೇಂಗಾ ಸುಲಕೋತ ಕುಂತಾಳಲ್ಲ, ಆಕಿ ಕೈಯಾಗ ಕೊಟ್ಟ... ಹೂಂ. ಆಕಿ ತಗೊಳ್ಳಂಗಿಲ್ಲ. ಗೊತ್ತೈತಿ ನನಗ. ಹತ್ತಿರತ್ತಿರ ವರ್ಷಾತು, ಮೊಮ್ಮಗಳನ್ನ ಮುಟ್ಟಿಲ್ಲ ಮುದುಕಿ. "ಅಪ್ಪನ್ನ ನುಂಗಿಕೊಂಡ ಹುಟ್ಟಿದ್ದು" ಅಂತಾಳ. ಹಳೇ ಕಾಲದ ಮಂದಿ, ನೀ ಮನಸ್ಸಿಗೆ ಹಚ್ಚಿಕೋಬ್ಯಾಡ. ನಾ ಏನ ಅಂದೇನೇನು ಆ ಕೂಸ ನೀಲಾಗ? ಅಂದಿಲ್ಲ. ಎಂದೂ ಅಂದಿಲ್ಲ. ಹಂಗ ಅನ್ನಬ್ಯಾಡ ಅಂತನೂ... ಅವ್ವಗ ಎದುರ ಮಾತಾಡಾಕ ಬರತೈತೇನು? ಇರ್ಲಿ ಬಿಡು.

ಮೂರನೇದು ಕಟ್ಟೇನಿ, ಎಳಿ. ಎಳಿ... ಎಳೀಯವ್ವಾ. ಯಾಕ ತಡದಿ? ಮ್ಯಾಲ ಇಟ್ಟ ಟೈರ ನೋಡಾಕತ್ತೀಯೇನು? ಏನೈತಿ ಅದ್ರಾಗ ನೋಡೂವಂಥಾದ್ದು! ಬ್ಯಾಸಿಗಿ ಟೈರು, ಬೋಳು. ಹೇಳೇನಿಲ್ಲ ನಿನಗ? ಮಳಿಗಾಲದ ಹಲ್ಲಿನ ಟೈರ ನಾಕೂ ತಮ್ಮನ ಬಾಡಿಗಿ ಕಾರಿನ ಸಂಗಾಟ ಹಳ್ಳದಾಗ ಹಾಳಾದವು. ಇವು ಬ್ಯಾಸಿಗೀವು, ಇಲ್ಲೆ ಉಳದಿದ್ದವು. ನಾಳಿ ಆಳು ಹುಲ್ಲಪ್ಪ ಬಂಡಿ ಮಣ್ಣ ತಂದು ಹಗೇವು ಮುಚ್ಚಾಂವ. ಮುಚ್ಚೂಕಿಂತ ಮೊದಲ ತಳದ ಹುಲ್ಲ ತಗಿಯಾಕ ಇಳೀತಾನ. ಅಂವ ಇಳದ್ರ ಟೈರು ಕಾಣ್ತಾವ... ಅಂದ್ರ, ಅಡ್ಡ ಆಗ್ತಾವ ಅಂತ. ಅದಕ್ಕ ಇವತ್ತ ತಗದು ಒಗದಬಿಡೂಣು ಅಂದೆ. ಇಷ್ಟ ಮಾತು.

ಬಾಬುಸಾಬನ್ನ ಯಾಕ ಕರೀಲಿಲ್ಲ ಅಂತಿಯೇನು? ಪಂಕ್ಚರ್ ಅಂಗಡ್ಯಾಂವ, ಅರ್ಧಾ ತಾಸಿನ್ಯಾಗ ತಗೀತಿದ್ದ, ಖರೆ. ಆದ್ರ ಅಂವಗ ಪುರಸೊತ್ತ ಇರಬೇಕಲ್ಲ? ನಿನ್ನ ನೆಗೆಣ್ಣಿ, ನನ್ನ ಹೇಂತಿ, ಇದ್ರ ಆಕೀನ ಹಗ್ಗ ಹಿಡೀತಿದ್ಲು, ಬದಾಮಿಗೆ ತೌರಮನಿಗೆ ಹೋಗಿ ಕುಂತಾಳ. ಮನ್ಯಾಗ ಉಳದಾಕಿ ನೀ ಒಬ್ಬಾಕಿ. ಹೆಣ್ಮಕ್ಕಳಿಗೆ ಈ ಟೈರಿನ ಉಸಾಬರಿ ಏನ ತಿಳೀತೈತಿ... ಅಂದ್ರ, ತ್ರಾಸ ಕೊಟ್ಟೆ ನಿನಗ ಅಂತ.

ಎಳದಿ? ಹೋತು! ಮೂರ ಆದವು. ಹಗ್ಗ ಬಿಡು.

...ಬಿಡು ತಂಗಿ. ಹಗ್ಗ ಬಿಡು. ನಿನ್ನ ಮುಂದ ಮುಚ್ಚಿಡೂದೇನು, ನನಗ ಈ ಹಗೇವು ಅಂದ್ರ ಭಾಳ ಹೆದರಿಕಿ. ಯಾರಿಗೂ ಗೊತ್ತಿಲ್ಲ. ಎಂಟ ವರ್ಷದಾಂವ ಇದ್ದಾಗ ನಮ್ಮಪ್ಪ ನನ್ನ ನಡಕ್ಕ ಹಗ್ಗ ಕಟ್ಟಿ ಜ್ವಾಳ ತಗಿಯಾಕ ಇಳಿಬಿಟ್ಟಿದ್ದ. ಅಪ್ಪ ಚೀಲಾ ತರಾಕ ಅಂತ ಆ ಕಡೆ ಹೋಗ್ಯಾನ, ಇಲ್ಲಿ ಕಂದೀಲ ಆರೇ ಬಿಟ್ಟಿತು. ಕೂಗಬೇಕಂದ್ರ ದನಿ ಇಲ್ಲ, ಉಸರಿಲ್ಲ. ಮ್ಯಾಲ ಬಾಯಿ ಹತ್ರ ತಮ್ಮ ಶಂಕ್ರಪ್ಪ ಕುಂತಿದ್ದ, ಐದ ವರ್ಷದ ಹುಡುಗ. "ಅಣ್ಣ ಮಾತಾಡವಲ್ಲ, ಅಣ್ಣ ಮಾತಾಡವಲ್ಲ" ಅಂತ ಅಂವ ಓಣಿ ತುಂಬ ಬಾಯಿ ಮಾಡಿದ್ದಕ್ಕ ನನ್ನ ಎಳಕೊಂಡ್ರು. ಅಂವ ಒದರಿದ್ದಕ್ಕ ಬದಕಿದೆ ನಾ. ಅವತ್ತಿನಿಂದ ಇದರ ಬಾಯಿ ಹತ್ರಾನೂ ನಿಂತಾಂವಲ್ಲ. ಪ್ರತಿ ಕಾರಹುಣ್ಣಿಮಿಗೆ, ಮಳಿ ಹತ್ತೂ ಮುಂದ, ಹಲ್ಲಿನ ಟೈರು ಮ್ಯಾಲ ತಗದು ಬೋಳವು ಒಳಗ ಇಡೂದು, ದೀವಳಿಗಿಗೆ ಮತ್ತ ಅದಲ ಬದಲ. ಬಿಸಲಿಗೆ ರಬ್ಬರ ಸೀಳಬಾರದಂತ ಈ ತಂಪಿನಾಗ ಇಡೂ ಉಪಾಯ ಶಂಕ್ರಪ್ಪಂದ. ಇಳಿಯಾಂವನೂ ಅಂವನ. ನಾ ಆ ಹೊತ್ತಿಗೆ ಏನರೆ ನೆವಾ ತಗದು ಬಜಾರಕ್ಕ ಹೋಗಿಬಿಡತಿದ್ದೆ. ನೀ ಹಗ್ಗ ಹಿಡೀತಿದ್ದಿ, ಅಂವ ಒಳಗ ನಿಂತು ನಿನಗ ಚಾಷ್ಟಿ ಮಾಡತಿದ್ದ ಅಂತ ಅವ್ವ ಹೇಳತಿದ್ಲು.

ನಗಾಕತ್ತಿಯೇನು? ...ಅಳಾಕತ್ತಿಯೇನು ತಂಗಿ?

ಅಳಬ್ಯಾಡ. ಆಗೂದು ಆಗಿಹೋತು. ಜೋರ ಹೊಡದಾ, ಬಿದ್ದಾ. ಹೆಣ್ಣ ಹುಟ್ಟಿದ ಸುದ್ದಿ ಕೇಳಿ ಹಿಗ್ಗಿನ್ಯಾಗ ಗಾಡಿ ಓಡಿಸಿದಾ. ಇಳಕಲ್ ಎಷ್ಟ ದೂರ? ಹುನಗುಂದ ಬಿಟ್ರ ಇಳಕಲ್ಲು. ಸಾವಕಾಶ ಹೋಗಿದ್ರ ಹೊತ್ತ ಮುಣಗೂದ್ರಾಗ ನಿನ್ನ ತೌರಮನಿ ಮುಂದ ಇಳೀತಿದ್ದ. ಮಂದಿ ಎಲ್ಲಾ ಇದನ್ನ ಅಂತಾರ, ನಾ ಒಬ್ಬನ ಅನ್ನೂದಲ್ಲ.

ಹಗ್ಗ ಬಿಡು ಈಗ. ನಾಕನೇದು ಇಲ್ಲೇ ಇರ್ಲಿ ಬೇಕಾರ, ಮೊದಲ ನನ್ನ ಮ್ಯಾಲ ತಗಿ... ಏ, ಏನ ಒಗದಿ? ಏನೋ ಬಿತ್ತು ನನ್ನ ಹೆಗಲ ಮ್ಯಾಲ! ಹುಳಾ ಏನೋ... ಅಲ್ಲ. ದಾರ. ತಡಿ, ಬೆಳಕಿಗೆ ಹಿಡೀತೇನಿ.

ಕೆಂಪ ರೇಷ್ಮಿ ದಾರ.

ನಿಮ್ಮಪ್ಪನ ಮಗ್ಗದ್ದ ಐತಲ್ಲ ಇದು? ಸೀರಿ ಸೆರಗಿನ ಕೆಂಪು. ಗಂಟ ಹಂಗ ಐತಿ... ಗಂಟಿನ್ಯಾಗ ಚೆಂಡಹೂವಿನ ತೊಟ್ಟ ಐತಿ, ಒಣಗಿ ಪುಡಿ ಪುಡಿ. ಇನ್ನೊಂದ ಬಿತ್ತು. ಸಿದ್ದಲಿಂಗವ್ವ, ಒಂದೊಂದ ಒಗೀಬ್ಯಾಡ ಹಂಗ... ಮೂರ. ಮೂರೂ ಟೈರಿಂದು.

ನೀ ಕಟ್ಟಿದ್ದೇನು?

...ಒಮ್ಮೆ ಜಗ್ಗು ಅಂದಿದ್ದೆ. ಹಗ್ಗಾನ ನನ್ನ ಕೈಯಾಗಿಲ್ಲ, ಹೆಂಗ ಜಗ್ಗಿಯವ್ವಾ ನೀ.

ನೋಡೇನಿ ಈ ದಾರ. ಕಾರಿನ ಕನ್ನಡಿಗೆ ನಾಕ ದಾರ ಸುತ್ತಿದ್ದ ಶಂಕ್ರಪ್ಪ, ನೀ ಬಂದ ಮೊದಲನೇ ವರ್ಷ. ದೀವಳಿಗಿಗೆ ಮಳಿಗಾಲದ ಟೈರು ಒಳಗ ಇಡೂ ಮುಂದ ನೀ ಪೂಜಿ ಮಾಡಿ ಕಟ್ಟಾಕಿ, ಕಾರಹುಣ್ಣಿಮಿಗೆ ಹೊರಗ ತಗದಾಗ ಅಂವ ಹರದು ಕನ್ನಡಿಗೆ ಸುತ್ತಾಂವ. ಹಿಂಗನ ಇತ್ತಲ್ಲ ನಿಮ್ಮಿಬ್ಬರದು? ನಾ ಕೇಳಲಿಲ್ಲ ಎಂದೂ. ಪ್ಯಾಸೆಂಜರ ಮಂದಿ ಕಟ್ಟ್ಯಾರ ಅಂದ್ಕೊಂಡಿದ್ದೆ. ಈ ಕತ್ತಲದಾಗ ನನಗ ಕಾಣಲಿಲ್ಲ ನೋಡು. ಅಂವ ಇನ್ನೂ ಹರೀಲಾರದ ಗಂಟು, ಹಂಗ ಕಟ್ಟಿ ಕಳಿಸಿದೆ ನಾನ, ನಿನ್ನ ಕೈಗೆ.

ಎರಡ ಟೈರ ಅದಲ ಬದಲ ಆಗಿರಬೇಕವ್ವಾ... ಶಂಕ್ರಪ್ಪನ ಏನರೆ... ಇಲ್ಲ. ಮೂರೂ ಮಳಿಗಾಲದವ ಅದಾವ. ಈ ನಾಕನೇದಕ್ಕೂ ಕೈಯಾಡಿಸಿದೆ ಈಗ. ಇದಕ್ಕೂ ದಾರ ಐತಿ.

ಮಾತಾಡು ತಂಗಿ! ಪದ್ಧತಿ ಗಿದ್ಧತಿ ಸುಡು ಅತ್ತ! ಬೈ ನನ್ನ. "ಭಾವಾ, ಏನ್ ಮಾಡಿದ್ರಿ" ಅನ್ನು. ಏನರೆ ಅನ್ನು! ನೀ ಸುಮ್ಮನ ನಿಂತ್ರ ಇಲ್ಲಿ ನನ್ನ ಉಸರ ನನಗ ಕೇಳಸ್ತೈತಿ.

...ಹೇಳ್ತೇನಿ. ತಡಿ, ಹೇಳ್ತೇನಿ.

ಅವತ್ತ ಶಂಕ್ರಪ್ಪನ ಕೈಗೆ ಕಾರಿನ ಜ್ಯಾಕ ಬಡದು ಬೆರಳು ಒಡದಿತ್ತು. ಬಾಗಲಕೋಟಿ ದವಾಖಾನಿಗೆ ಹೊಲಿಗಿ ಹಾಕಿಸಿಕೊಳ್ಳಾಕ ಮುಂಜಾನಿ ಬಸ್ಸಿಗೆ ಹೋದಾ. ಕಾರಹುಣ್ಣಿಮಿ ಇನ್ನ ನಾಕ ದಿನ ಇತ್ತು, ರೋಹಿಣಿ ಮಳಿ ಮುಂಚೇನ ಹಿಡಕೊಂಡಿತ್ತು. ಹೋಗೂ ಮುಂದ ಹೇಳಿದಾ, "ಅಣ್ಣಾ, ಈ ಕೈಲೆ ಹಗ್ಗ ಹಿಡದು ಇಳಿಯಾಕ ಆಗಂಗಿಲ್ಲ ನನಗ. ಇವತ್ತ ಒಂದಿನ ನೀ ಇಳದು ಟೈರ ಬದಲ ಮಾಡಿಬಿಡು" ಅಂತ. ಆತು ಹೋಗು ಅಂದೆ. ಮುಚ್ಚಳಾ ತಗದೆ. ಕಂದೀಲ ಇಳಿಬಿಟ್ಟೆ. ಉರೀತು ಅದು, ಚೊಲೋ ಉರೀತು, ಆರಿದ್ರ ನೆವ ಸಿಗತಿತ್ತು. ಒಂದ ಕಾಲ ಒಳಗ ಇಟ್ಟೆ ತಂಗಿ, ಇನ್ನೊಂದ ಕಾಲ ಬರಲಿಲ್ಲ. ನಲವತ್ತ ವರ್ಷದ ಗಂಡಸು, ಹಗೇವಿನ ದಂಡಿಗೆ ಕುಂತು ಅಳಕೋತ ಮುಚ್ಚಳಾ ಹಾಕಿದೆ.

ಅಂವ ನಾಕ ಗಂಟೆ ಬಸ್ಸಿಗೆ ಬಂದಾ. ಇಳಕಲ್ ಕಂಡಕ್ಟರ ಸುದ್ದಿ ತಂದು ಕಟ್ಟಿ ಮ್ಯಾಲ ಕುಂತಿದ್ದ, ಮಗಳು ಹುಟ್ಟ್ಯಾಳ ಅಂತ. ಶಂಕ್ರಪ್ಪ ಒಳಗ ಸುದ್ದಾ ಬರಲಿಲ್ಲ. ಗಾಲಿ ಎಲ್ಲಾ ಎರಿ ಮಣ್ಣ ಮೆತ್ತಿಕೊಂಡಿದ್ದವು, ಹಲ್ಲ ಅದಾವೋ ಬೋಳ ಅದಾವೋ ಕಾಣಂಗಿರಲಿಲ್ಲ. ಅಂವ ಬಾಗಿಲ ತಗದು ಕುಂತು ಕೇಳಿದಾ, "ಅಣ್ಣಾ, ಟೈರ ಹಾಕೀಯಲ್ಲ?"

ಕಂಡಕ್ಟರ ಮುಂದ ಇದ್ದ. ಅವ್ವ ಮುಂದ ಇದ್ಲು. ಇಳಿಯಾಕ ಹೆದರಿದೆ ಅಂತ ಅವರ ಮುಂದ ಹೆಂಗ ಹೇಳಲಿ? "ಹಾಕೇನಿ ಹೋಗಪಾ" ಅಂದೆ. ನಕ್ಕೋತ ಅಂದೆ.

ಅಂವ ಜೋರ ಹೊಡೀಲಿಲ್ಲ ಸಿದ್ದಲಿಂಗವ್ವ. ಡಾಂಬರ ರೋಡಿನ ಮ್ಯಾಲ ಹೋಗಿದ್ರ ಬೋಳ ಟೈರಿಗೂ ಏನ ಆಗತಿರಲಿಲ್ಲ. ಹಲ್ಲಿನ ಟೈರ ಅದಾವ ಅಂತ ನಂಬಿ ಹೊಲದ ಒಳದಾರಿ ಹಿಡದಾ, ನಿನ್ನ ಹತ್ರ ಲಗೂ ಮುಟ್ಟತೈತಿ ಅಂತ. ಹಳ್ಳದ ದಂಡಿಗೆ ಆ ಎರಿ ಮಣ್ಣಿನ್ಯಾಗ ಗಾಡಿ ಜಾರಿತು. ನಾ ಹೋಗಿ ನೋಡಿದೆ ಮರುದಿನ, ಗಾಲಿ ಮ್ಯಾಲ ಮಾಡಿ ಬಿದ್ದಿತ್ತು. ಮಳಿ ತೊಳದಿತ್ತು ಅವನ್ನ. ಬೋಳ ಬೋಳ ನಾಕ ಟೈರು. ಬ್ಯಾರೆ ಯಾರೂ ಆ ಟೈರ ನೋಡಲಿಲ್ಲ, ಎಲ್ಲಾರೂ ಶಂಕ್ರಪ್ಪನ್ನ ನೋಡಾಕತ್ತಿದ್ರು. "ಜೋರ ಹೊಡದಾ" ಅಂತ ಮೊದಲ ಅಂದಾಂವ ನಾನ.

ಕೂಸಿನ ಕಾಲಗುಣ ಅಂತ ಅವ್ವ ಅಂದಾಗ... ಖರೇ ಮಾತ ಬಾಯಿ ತುದಿಗೆ ಬಂದಿತ್ತು ತಂಗಿ. ನಿನ್ನಾಣಿ ಬಂದಿತ್ತು. ನುಂಗಿಕೊಂಡೆ. ಒಂದ ಸಲ ನುಂಗಿದ ಮ್ಯಾಲ ದಿನಾ ನುಂಗಬೇಕಾತು. ಆ ಹುಡುಗಿ ಅಂಬೆಗಾಲ ಇಟಗೊಂಡು ಅವ್ವನ ಸೀರಿ ಸೆರಗ ಹಿಡಿಯಾಕ ಹೋಗತೈತಿ, ಅವ್ವ ಸೆರಗ ಕಿತಗೊಂತಾಳ, ನಾ ಪೇಪರ ಓದಾಕತ್ತಾಂವನಂಗ ಕುಂದರ್ತೇನಿ.

ಆತು. ಹೇಳಿದೆ. ಈಗ ಹಗ್ಗ ಬಿಡು. ನಾನ ಮ್ಯಾಲ ಬಂದು ಅವ್ವನ ಮುಂದ ಹೇಳ್ತೇನಿ. ಇವತ್ತ. ಸಂಜಿಮುಂದ. ಇಲ್ಲಾ, ನಿನ್ನ ನೆಗೆಣ್ಣಿ ಬರ್ಲಿ, ಆಕೀನೂ ಬಂದ ಮ್ಯಾಲ ಎಲ್ಲಾರೂ ಕುಂತಾಗ... ಹೇಳ್ತೇನಿ ತಂಗಿ, ಬಸವಣ್ಣನ ಆಣಿ. ನಂಬತಿಲ್ಲ ನನ್ನ? ಒಮ್ಮೆ ಜಗ್ಗು...

ಹಾಂ! ಬಂತು, ಬಂತು ಹಗ್ಗ! ನಿನ್ನ ಹೊಟ್ಟಿ ತಣ್ಣಗಿರ್ಲಿ ನನ್ನವ್ವ. ಹಿಡಕೊಂಡೆ. ಹಿಡಕೊಂಡೇನಿ, ಏರ್ತೇನಿ ಈಗ... ಇನ್ನೂ ಬರಾಕತ್ತೈತಲ್ಲ. ಸಾಕು, ಸಾಕ ಬಿಟ್ಟಿದ್ದು. ಎಷ್ಟ ಬಿಡ್ತಿ? ಸಿದ್ದಲಿಂಗವ್ವ, ಸಾಕ—

ಪೂರಾ ಬಿತ್ತು. ಗಿಡಕ್ಕ ಕಟ್ಟಿದ ತುದೀನೂ ಬಂತಲ್ಲವ್ವಾ. ಎರಡೂ ತುದಿ ನನ್ನ ಕೈಯಾಗ ಅದಾವ.

...

ಹೌದು. ಸಂಜಿಮುಂದ ಹೇಳತಿರಲಿಲ್ಲ ನಾ. ಮ್ಯಾಲ ಬಂದು ಕೈಕಾಲ ತೊಳಕೊಂಡು ಚಾ ಕುಡದ್ನೆಂದ್ರ ಮತ್ತೊಂದ ಸುಳ್ಳ ಹುಟ್ಟತಿತ್ತು. ನನಗ ಗೊತ್ತೈತಿ. ನಿನಗೂ ಗೊತ್ತಾತು.

ಹೆಜ್ಜಿ ಸಪ್ಪಳ... ಎಲ್ಲಿ ಹೊಂಟಿ? ಕಟ್ಟಿ ಕಡೆ ಹೊಂಟಿಯೇನು, ಅವ್ವನ್ನ ಕರಿಯಾಕ? ...ಕರಿ. ಕೂಸನ್ನೂ ಎತ್ತಿಕೊಂಡ ಬಾ. ಇಲ್ಲೇ ನಿಂತ ಹೇಳ್ತೇನಿ, ಕೆಳಗಿಂದನ. ನೀಲಾನ್ನ ಅವ್ವ ಎತ್ತಿಕೊಂಡ ಮ್ಯಾಲ ಇನ್ನೊಂದ ಹಗ್ಗ ಹುಡುಕುವಂತಿ, ಅವಸರಿಲ್ಲ.

ಕಂದೀಲ ಇನ್ನೂ ಉರೀತೈತಿ. ಹೋಗು.