ಎಲೆಯ ಬಣ್ಣ

ಬಂಡ್ರಿಯಲ್ಲಿ ಬಸ್ಸು ಹತ್ತಿದ ತಾಯಿ ಮಗಳು ನನ್ನ ಮುಂದಿನ ಸೀಟಿನಲ್ಲಿ ಕೂತರು. ಹೊಸಪೇಟೆಯ ಇಂಗ್ಲಿಷ್ ಶಾಲೆಯಲ್ಲಿ ಮಗಳಿಗೆ ಅಂದು ಇಂಟರ್‌ವ್ಯೂ ಇತ್ತು. ಹೊರಗೆ ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ.

“ಎಲಿ ಕಲರ್ ಯಾವ್ದು ಅಂತ ಕೇಳ್ತಾರ. ಏನಂತಿ?”

“ರೆಡ್.”

“ಅಯ್ಯೋ, ಗ್ರೀನ್ ಅನ್ನು! ಹಿಂಗ ಅಂದು ಎರಡು ಸಾಲ್ಯಾಗ ಸೀಟು ಕಳ್ಕಂಡ್ವಿ. ಉಳಿದಿದ್ದು ಇದೊಂದ.”

“ನಮ್ಮನಿ ಬೇವಿನ ಗಿಡ ರೆಡ್ ಐತಲ್ಲವ್ವಾ?”

“ಮಮ್ಮಿ ಅನ್ನು. ಅದು ಲಾರಿ ಧೂಳು. ತೊಳದ್ರ ಗ್ರೀನ್.”

“ಯಾರು ತೊಳಿತಾರ?”

“ಮಳಿ.”

“ಹಂಗಾರ ಮಳಿ ಬಂದ ಮ್ಯಾಲ ಹೋಗೂನು.”

“ಅಷ್ಟ್ರಾಗ ಸೀಟೆಲ್ಲ ಮುಗಿದಿರ್ತಾವ. ಕೈ ಮುಗಿತೀನಿ ನನ್ನವ್ವಾ, ಇವತ್ತೊಂದಿನ ಗ್ರೀನ್ ಅಂದ್ಬಿಡು.”

“ಸುಳ್ಳು ಹೇಳ್ಲೇನು?”

“ಹೇಳು.”

ಆಕೆಯ ದನಿ ಒಡೆದಿತ್ತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಹೊಸಪೇಟೆ ಬಂತು. ಇಳಿಯುವ ಮೊದಲು ತಾಯಿ ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಮಗಳ ಮುಖ ಒರೆಸಿದಳು. ಕರ್ಚೀಫು ಕೆಂಪಾಯಿತು. ಹುಡುಗಿ ಅದನ್ನು ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು.

“ಗ್ರೀನ್, ಮಮ್ಮಿ,” ಎಂದಳು.

ತಾಯಿ ಅವಳನ್ನೆತ್ತಿಕೊಂಡು ಇಳಿದು ಹೋದಳು.