ಹೊದಿಕೆ ಹಾಕಿದ ಒಲೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಮನೆಮನೆಯ ಅಡುಗೆಮನೆ ಹೊಕ್ಕು ಬಂದ ಸ್ವಯಂಸೇವಕ ತಾಯಂದಿರೇ, ಊಟದ ವಾಸನೆ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ,

ನಾನು ಮೊದಲು ತಲೆಯ ಮೇಲೆ ಸೌದೆ ಹೊತ್ತು ಮಾರಿದವನು, ಈಗ ಅಂಗಡಿಯಲ್ಲಿ ಕುಳಿತು ಗ್ಯಾಸ್ ಒಲೆ ಮಾರುವವನು. ಹೊಗೆಯಿಂದಲೂ ಉಂಡೆ, ಹೊಗೆ ಬಿಡಿಸುವುದರಿಂದಲೂ ಉಂಡೆ. ವ್ಯಾಪಾರಿಗೆ ಇದಕ್ಕಿಂತ ಭಾಗ್ಯ ಬೇಕೆ? ಮಾರಿದ ಒಲೆಯೆಲ್ಲ ಉರಿಯುತ್ತಿದೆ ಎಂದೇ ನನ್ನ ಲೆಕ್ಕ. ಆ ಲೆಕ್ಕ ತಪ್ಪೆಂದು ತೋರಿಸಿದವರು ಈ ಸ್ವಯಂಸೇವಕ ತಾಯಂದಿರು. ಸಂಜೆ ಕೇರಿಯ ಮೇಲೆ ಹೊಗೆ ಕವಿದಾಗ ನಾವೆಲ್ಲ ಕಾರ್ಖಾನೆಯತ್ತ ಕೈ ತೋರಿಸುತ್ತಿದ್ದೆವು. ಇವರು ಕುಡಿಯಲು ನೀರು ಕೇಳುವ ನೆಪದಲ್ಲಿ ಒಳಗೆ ಹೋಗಿ, ಅಡುಗೆಮನೆಯ ಗೋಡೆಗೆ ಬೆರಳು ಒರೆಸಿ ನೋಡಿದರು.

ಅವರಲ್ಲೊಬ್ಬಾಕೆ, ಅಗೋ ತಲೆ ತಗ್ಗಿಸಿ ನಗುತ್ತಿದ್ದಾರಲ್ಲ ಅವರೇ, ಅಂಗಡಿಗೆ ಬಂದು ಕಪ್ಪು ಬೆರಳು ತೋರಿಸಿದರು. "ಅಣ್ಣಾ, ಇದು ನಿಮ್ಮ ಅಕ್ಕನ ಮನೆ ಮಸಿ."

ನನಗೆ ಸಿಟ್ಟು ಬಂತು. ಅಕ್ಕನಿಗೆ ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯ ಒಲೆ ಕೊಟ್ಟವನು ನಾನು! ಬರ್ನರ್ ಕೆಟ್ಟಿರಬೇಕೆಂದು ರಿಪೇರಿಯವನನ್ನು ಕಳಿಸಿದೆ. ಅವನು ಬಂದು, "ಕೆಟ್ಟಿಲ್ಲ ಸಾರ್, ಹಚ್ಚೇ ಇಲ್ಲ. ಹೂವಿನ ಬಟ್ಟೇಲಿ ಹೊದಿಕೆ ಹೊಲಿದು ಮುಚ್ಚಿಟ್ಟಿದ್ದಾರೆ" ಎಂದ.

ಅಕ್ಕ ಬಟ್ಟೆ ಹೊಲಿಯುವವಳು. ಅಪ್ಪ ಅಮ್ಮ ಹೋದ ಮೇಲೆ ಸೌದೆ ಒಲೆ ಊದಿ ಊದಿ, ಕೆಮ್ಮುತ್ತಲೇ ನನ್ನನ್ನು ಸಾಕಿದವಳು. ಆ ಒಲೆಯ ಬಿಸಿಗೆ ಬೆನ್ನು ಕೊಟ್ಟು, ಅವಳ ಮಗ್ಗುಲಲ್ಲಿ ಕುಳಿತು ಉಣ್ಣುವ ಸುಖ ಇದೆಯಲ್ಲ... ಇರಲಿ, ವಿಷಯಕ್ಕೆ ಬರುತ್ತೇನೆ.

ನಾನೇ ಹೋದೆ. "ಯಾಕಕ್ಕಾ ಹಚ್ಚಿಲ್ಲ?"

"ನೀನು ಊಟಕ್ಕೆ ಬಂದಾಗ ಹಚ್ಚೋಣ ಅಂತ ಕಣೋ. ನನ್ನೊಬ್ಬಳಿಗೆ ಹಳೇದೇ ಸಾಕು."

ಒಲೆ ಕೊಟ್ಟ ಮೇಲೆ ನಾನು ಆ ಮನೆಯಲ್ಲಿ ಉಂಡಿರಲಿಲ್ಲ. ಅಂಗಡಿ, ಮೀಟಿಂಗು, ಸನ್ಮಾನ, ಇಂಥ ಭಾಷಣ.

"ಇನ್ನು ದಿನಾ ಮಧ್ಯಾಹ್ನ ಬರ್ತೀನಿ ಬಿಡು."

"ದಿನಾ ಬರೋನು ನೆಂಟ ಅಲ್ಲ. ತಟ್ಟೆ ನೀನೇ ತೊಳೀಬೇಕು!"

ತೊಳೆಯುತ್ತಿದ್ದೇನೆ, ಸಭಿಕರೇ. ಅವಳ ಕೆಮ್ಮು ಇಳಿದಿದೆ. ಆದರೆ ನಾನು ತಪ್ಪಿಸಿದ ದಿನ ಹೊದಿಕೆ ಮತ್ತೆ ಒಲೆಯ ಮೇಲೆ ಬೀಳುತ್ತದೆ, ಸೌದೆ ಹೊತ್ತಿಕೊಳ್ಳುತ್ತದೆ. ಸ್ವಯಂಸೇವಕರಿಗೆ ನಾನೇನು ಬುದ್ಧಿ ಹೇಳಲಿ? ಒಲೆ ಇದೆಯೇ ಎಂದು ಕೇಳಬೇಡಿ. ಯಾರಿಗಾಗಿ ಹಚ್ಚದೆ ಇಟ್ಟಿದ್ದೀರಿ ಎಂದು ಕೇಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಾನೂ ನೋಡುತ್ತಿದ್ದೇನೆ. ಇಲ್ಲಿನ ಊಟ ಚೆನ್ನಾಗಿದೆಯಂತೆ, ಕ್ಷಮಿಸಿ. ಬೀದಿಯ ತಿರುವಿನಲ್ಲಿ ನನ್ನ ಸ್ಕೂಟರಿನ ಸದ್ದು ಕೇಳುವವರೆಗೆ ಅಲ್ಲೊಬ್ಬಳು ಬೆಂಕಿಪೊಟ್ಟಣ ಹಿಡಿದು ಕುಳಿತಿರುತ್ತಾಳೆ. ಕರೆದದ್ದಕ್ಕೆ ಉಪಕಾರ, ಕೇಳಿದ್ದಕ್ಕೂ ಉಪಕಾರ. ಹೊರಟೆ. ನಮಸ್ಕಾರ.